ಯಂತ್ರದ ಪಕ್ಕದ ಸ್ಟೂಲು

ಭಾನುವಾರ ತಮ್ಮನ ಮನೆಯವರು ಊಟಕ್ಕೆ ಬರುತ್ತಾರೆಂದರೆ ನ್ಯಾಡೀನ್ ಅರಕಾಕಿ ಬೆಳಿಗ್ಗೆ ಎದ್ದವಳೇ ಹಂದಿ ಕಾಲಿನ ಸೂಪಿಗೆ ನೀರಿಡುತ್ತಿದ್ದಳು. ಮಾಂಸ ಮೂಳೆಯಿಂದ ತಾನಾಗಿ ಜಾರಬೇಕಾದರೆ ಮಧ್ಯಾಹ್ನದವರೆಗೂ ಅದು ಕುದಿಯಬೇಕು. ಅಷ್ಟರೊಳಗೆ ತಾಯಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಮಾತ್ರೆ ನುಂಗಿಸಿ, ಬಟ್ಟೆ ಒಗೆಯಲು ಹಾಕಿ, ಅನ್ನ ಮಾಡಿಡುವಳು. ತಾಯಿ ಯೋಶಿನೊ ಅಡುಗೆಮನೆಯ ಮೇಜಿನ ಬಳಿ ಕುರ್ಚಿಯಲ್ಲಿ ಕೂತು ಮಗಳ ಬೆನ್ನಿಗೆ ಅಡುಗೆ ಹೇಳಿಕೊಡುವಳು.

“ನೊರೆ ಸರಿಯಾಗಿ ತೆಗಿ. ಕ್ಲೇಟನ್‌ಗೆ ನೊರೆ ಇದ್ರೆ ಸೇರಲ್ಲ.”

“ತೆಗೀತಿದೀನಮ್ಮ.”

“ತೆಗೀತಿದೀನಿ ಅಂತೀಯ. ಕಾಣ್ತಿದೆ ನಂಗೆ, ಅಲ್ಲೇ ತೇಲ್ತಿದೆ.”

ಯೋಶಿನೊ ಮಾರ್ಚ್ ತಿಂಗಳಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಮೂಳೆ ಕೂಡಿಕೊಂಡಿತು, ಆದರೆ ಭಯ ಉಳಿಯಿತು. ಅದಕ್ಕೂ ಮೊದಲು ಹಗಲು ಹೊತ್ತು ವೃದ್ಧರ ಕೇಂದ್ರದ ವ್ಯಾನು ಮನೆ ಬಾಗಿಲಿಗೆ ಬಂದು ಅವಳನ್ನು ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತಿತ್ತು. ಬಿದ್ದ ಮೇಲೆ ಆಕೆ ಅಲ್ಲಿಗೆ ಹೋಗುವುದಿಲ್ಲ ಎಂದು ಕೂತಳು. “ಅಲ್ಲೆಲ್ಲ ಬರೀ ಮುದುಕರು” ಎನ್ನುವುದು ಅವಳ ದೂರು. ಹೀಗಾಗಿ ಆರು ತಿಂಗಳಿಂದ ಪಕ್ಕದ ಮನೆಯ ಹೆಂಗಸು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಇಣುಕಿ ಹೋಗುವುದು. ಉಳಿದ ಹೊತ್ತೆಲ್ಲ ಯೋಶಿನೊ ಮಗಳ ಅಂಗಡಿಗೆ ಫೋನು ಮಾಡುವುದು. ನ್ಯಾಡೀನ್ ಹವಾಯಿಯ ಪರ್ಲ್ ಸಿಟಿಯ ಕನ್ನಡಕದಂಗಡಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸದಲ್ಲಿದ್ದಳು. ಬಂದವರ ಮುಖ ನೋಡಿ ಫ್ರೇಮು ಆರಿಸಿಕೊಡುವುದು, ಕಿವಿಯ ಹಿಂದೆ ಒತ್ತದ ಹಾಗೆ ಕಡ್ಡಿ ಬಗ್ಗಿಸಿಕೊಡುವುದು ಅವಳ ಕೆಲಸ. ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಮಾತು ಮುಂದೂಡಿದ್ದು ಹಾಗೇ ಮುಂದೆ ಹೋಯಿತು.

ಆ ಭಾನುವಾರ ತಮ್ಮ ಕ್ಲೇಟನ್ ಎರಡನೇ ಬಟ್ಟಲು ಸೂಪು ಹಾಕಿಸಿಕೊಂಡು, ಬಾಯಿ ಒರೆಸಿಕೊಂಡು ಹೇಳಿದ. “ಅಮ್ಮನಿಗೆ ಎಂಬತ್ತು ತುಂಬತ್ತಲ್ಲ. ಈ ಸಲ ವೇಗಸ್‌ಗೆ ನಾವೂ ಬರ್ತೀವಿ.”

ಯೋಶಿನೊ ಮುಖ ಅರಳಿತು. “ನೀನಾ? ನಿಂಗೆ ರಜ ಸಿಗತ್ತಾ?”

“ಸಿಗತ್ತೆ. ಮಾರ್ಲೀನ್‌ಗೂ ಸಿಗತ್ತೆ. ಕಿಯಾನಾನೂ ಬರ್ತಾಳೆ.”

ಹವಾಯಿಯ ಆ ಕಡೆಯವರಿಗೆ ವರ್ಷಕ್ಕೊಮ್ಮೆ ಜೂಜಿನ ಊರು ವೇಗಸ್‌ಗೆ ಹೋಗದಿದ್ದರೆ ವರ್ಷ ತುಂಬಿದಂತಲ್ಲ. ವಿಮಾನ, ಕೋಣೆ, ಊಟ ಎಲ್ಲ ಸೇರಿಸಿ ಕೊಡುವ ಹಳೇ ಪೇಟೆಯ ಹೋಟೆಲೊಂದಕ್ಕೆ ಹೋದರೆ ಲಿಫ್ಟಿನಲ್ಲೇ ನಾಲ್ಕು ಜನ ನೆಂಟರು ಸಿಗುತ್ತಾರೆ. ಯೋಶಿನೊ ಗಂಡ ಸತ್ತ ಮರುವರ್ಷದಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಪ್ರತಿ ವರ್ಷವೂ ಜೊತೆಗೆ ನ್ಯಾಡೀನ್. ತಾಯಿ ಚೆರ್ರಿ ಹಣ್ಣಿನ ಚಿತ್ರಗಳು ಸುತ್ತುವ ಜೂಜಿನ ಯಂತ್ರದ ಮುಂದೆ ಕೂತರೆ ಮಗಳು ಪಕ್ಕದ ಸ್ಟೂಲಿನ ಮೇಲೆ. ತಾಯಿಯ ಕೈಚೀಲ ತೊಡೆಯ ಮೇಲೆ, ತಾಯಿಯ ಸ್ವೆಟರು ಹೆಗಲ ಮೇಲೆ. ಬೆಳಿಗ್ಗೆಯಿಂದ ರಾತ್ರಿವರೆಗೆ. ಆ ಊರಿನಲ್ಲಿ ಏನೇನು ಆಟ, ಏನೇನು ಹಾಡು, ಏನೇನು ಕುಣಿತ ನಡೆಯುತ್ತದೆ ಎಂಬುದು ನ್ಯಾಡೀನ್‌ಗೆ ಲಿಫ್ಟಿನ ಪಕ್ಕ ಅಂಟಿಸಿದ ಚಿತ್ರಗಳಿಂದ ಮಾತ್ರ ಗೊತ್ತಿತ್ತು.

ಇನ್ನೂ ಮೂರು ಜೊತೆ ಕೈ ಸಹಾಯಕ್ಕೆ ಬರುತ್ತವೆಂದು ಕೇಳಿ ಅವಳು ಸೌಟು ಕೆಳಗಿಟ್ಟಳು. “ಹಾಗಾದ್ರೆ ನಾನು ಒಂದು ಶೋ ನೋಡ್ತೀನಿ” ಎಂದಳು.

ಕ್ಲೇಟನ್‌ನ ಹೆಂಡತಿ ಮಾರ್ಲೀನ್ ಆಗಲೇ ಫೋನು ತೆಗೆದಿದ್ದಳು. “ನಾನಂತೂ ಆ ಹಳೇ ಹಾಡುಗಾರಂದು ನೋಡೇ ನೋಡ್ತೀನಿ. ನಮ್ಮಮ್ಮ ಅವನ ರೆಕಾರ್ಡು ಹಾಕ್ಕೊಂಡು ಇಸ್ತ್ರಿ ಮಾಡ್ತಿದ್ಳು.”

“ನಂಗೆ ನೀರಿನ ಶೋ” ಎಂದಳು ಅವರ ಹದಿನೇಳು ವರ್ಷದ ಮಗಳು ಕಿಯಾನಾ. “ಮೇಲಿಂದ ಕೊಳಕ್ಕೆ ಧುಮುಕ್ತಾರಲ್ಲ, ಅದು.”

“ನಂಗೆ ಜಾದೂ” ಎಂದ ಕ್ಲೇಟನ್. “ಆನೆ ಮಾಯ ಮಾಡ್ತಿದ್ದ ಒಬ್ಬ. ಈಗ ಆನೆ ಇಲ್ವಂತೆ, ಕಾರು ಮಾಯ ಮಾಡ್ತಾನಂತೆ.”

“ನಿಂಗೆ ಯಾವ್ದು ಆಂಟಿ?” ಎಂದಳು ಕಿಯಾನಾ ಅತ್ತೆಯ ಕಡೆ ತಿರುಗಿ.

ನ್ಯಾಡೀನ್ ನಾಚಿಕೊಂಡಳು. “ನಮ್ಮ ಹೋಟ್ಲಲ್ಲೇ ಒಂದಿದೆ. ನಿದ್ದೆ ಮಾಡಿಸೋನು. ಜನಾನ ವೇದಿಕೆ ಮೇಲೆ ಕರೆದು ಸಮ್ಮೋಹನ ಮಾಡ್ತಾನೆ. ಅವನ ಚಿತ್ರ ಲಿಫ್ಟಿನ ಪಕ್ಕ ವರ್ಷಾನುಗಟ್ಟಲೆಯಿಂದ ಇದೆ.”

ಮಾರ್ಲೀನ್ ನಕ್ಕಳು. “ಅಷ್ಟು ದೂರ ಹೋಗಿ ನಿದ್ದೆ ಮಾಡೋದಾ? ಅದಕ್ಕೆ ಮನೇಲೇ ಇರಬಹುದಲ್ಲ.”

“ಶೋ ನೋಡೋದು ಅದೃಷ್ಟ ಇಲ್ಲದೋರ ಕೆಲಸ” ಎಂದಳು ಯೋಶಿನೊ. “ಕತ್ತಲಲ್ಲಿ ಕೂತ್ಕೊಳ್ಳೋಕೆ ಯಾರಾದ್ರೂ ದುಡ್ಡು ಕೊಡ್ತಾರಾ? ನ್ಯಾಡೀನ್, ಅನ್ನ ಗಟ್ಟಿಯಾಗಿದೆ ಇವತ್ತು.”

ಮುಂದಿನ ಭಾನುವಾರ ಮಾರ್ಲೀನ್ ಟಿಕೆಟ್ಟುಗಳ ಸುದ್ದಿ ತಂದಳು. ಮೊದಲ ಸಂಜೆ ಹಾಡುಗಾರ, ಎರಡನೇ ಸಂಜೆ ಜಾದೂ, ಕೊನೆಯ ಸಂಜೆ ನೀರಿನ ಆಟ. ಎಲ್ಲವೂ ಮೂರು ಮೂರು.

ನ್ಯಾಡೀನ್ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. “ಅಮ್ಮನ ಜೊತೆ ಯಾರಿರ್ತಾರೆ?”

“ನೀವಿದೀರಲ್ಲ” ಎಂದಳು ಮಾರ್ಲೀನ್. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದಲ್ಲ, ಹಾಗೆ ಹೇಳಿದಳು.

“ನಾನೂ ಒಂದು ಶೋ ನೋಡ್ತೀನಿ ಅಂದೆನಲ್ಲ.”

“ಮೂರನೇ ಸಂಜೆ ಖಾಲಿ ಇದೆ” ಎಂದ ಕ್ಲೇಟನ್. “ಅವತ್ತು ನೋಡು.”

“ಮೂರನೇ ಸಂಜೆ ಆ ನಿದ್ದೆ ಮಾಡಿಸೋನಿಗೆ ರಜ. ನಾನು ವಿಚಾರಿಸಿದೀನಿ.”

“ಅದಕ್ಕೆ ನಾವೇನು ಮಾಡೋಕಾಗತ್ತೆ ನ್ಯಾಡೀನ್? ಅವನ ರಜ ನಾವು ಬದಲಾಯಿಸೋಕಾಗತ್ತಾ?”

ಕಿಯಾನಾ ಬಟ್ಟೆ ತೆಗೆದುಕೊಂಡು ತಟ್ಟೆ ಒರೆಸಲು ಅತ್ತೆಯ ಪಕ್ಕ ಬಂದು ನಿಂತಳು. “ಜಾದೂ ದಿನ ನಾನು ಬಾಚನ್ ಜೊತೆ ಇರ್ತೀನಿ ಆಂಟಿ. ನಂಗೆ ಕಾರು ಮಾಯವಾಗೋದು ನೋಡೋ ಆಸೆ ಏನಿಲ್ಲ.” ಅಜ್ಜಿಯನ್ನು ಅವಳು ಬಾಚನ್ ಎಂದೇ ಕರೆಯುತ್ತಿದ್ದುದು.

ನ್ಯಾಡೀನ್ ಅವಳ ತಲೆ ಸವರಿದಳು. ಆದರೆ ಯೋಶಿನೊ ಮೇಜಿನ ಬಳಿಯಿಂದಲೇ ಹೇಳಿದಳು. “ಇವಳನ್ನ ಯಂತ್ರದ ಹತ್ರ ಬಿಡೋದೇ ಇಲ್ಲ. ಇಪ್ಪತ್ತೊಂದು ತುಂಬಿರಬೇಕು. ಕಾವಲುಗಾರ ಬಂದು ಕೈ ಹಿಡಿದು ಹೊರಗೆ ನಿಲ್ಲಿಸ್ತಾನೆ. ನಮ್ಮೂರ ಮಿಸೆಸ್ ಓಶಿರೋ ಮೊಮ್ಮಗನ್ನ ಹಾಗೇ ಮಾಡಿದ್ರು.”

“ಒಂದು ಸಂಜೆ ಕೋಣೇಲಿ ಕೂತ್ಕೋಬಹುದಲ್ಲಮ್ಮ, ಇವಳ ಜೊತೆ.”

“ಕೋಣೇಲಿ ಕೂರೋಕೆ ಸಮುದ್ರ ದಾಟಿ ಹೋಗ್ಬೇಕಾ?”

ನ್ಯಾಡೀನ್ ತಳ ಹಿಡಿದ ಅನ್ನದ ಪಾತ್ರೆಯನ್ನು ಉಜ್ಜತೊಡಗಿದಳು. ಉಜ್ಜಿದ ಮೇಲೂ ಸುಮಾರು ಹೊತ್ತು ಉಜ್ಜುತ್ತಲೇ ಇದ್ದಳು.

ಸೆಪ್ಟೆಂಬರ್ ಕಳೆಯಿತು. ಅಂಗಡಿಗೆ ದಿನವೂ ಫೋನು ಬರುತ್ತಿತ್ತು. ಟೀವಿಯ ರಿಮೋಟು ಸಿಗುತ್ತಿಲ್ಲ. ಪಪ್ಪಾಯಿ ಮರಕ್ಕೆ ಹಕ್ಕಿ ಬಂದಿದೆ. ಕಾಲು ಜೋಮು ಹಿಡಿದಿದೆ. ಒಮ್ಮೆ ನ್ಯಾಡೀನ್ ಪುಟ್ಟ ಹುಡುಗಿಯೊಬ್ಬಳಿಗೆ ಮೊದಲ ಕನ್ನಡಕ ಹಾಕಿ, ಅವಳು ಕಿಟಕಿಯಾಚೆಯ ಮರ ನೋಡಿ “ಎಲೆ ಬೇರೆ ಬೇರೆ ಕಾಣ್ತಿದೆ” ಎನ್ನುತ್ತಿದ್ದಾಗ ಫೋನು ಬಂತು. ಅಂಗಡಿಯ ಯಜಮಾನ ದೊಡ್ಡ ಮನುಷ್ಯ, ಬೈಯಲಿಲ್ಲ. ಗಡಿಯಾರ ನೋಡಿದ, ಅಷ್ಟೆ.

ಅಕ್ಟೋಬರ್ ಮಧ್ಯದಲ್ಲಿ ಹೊರಟರು. ವೇಗಸ್ಸಿನಲ್ಲಿ ಯೋಶಿನೊಗೆ ಮೈಕೈ ನೋವು ಕಾಣೆಯಾಗುವುದು ಪ್ರತಿ ವರ್ಷದ ಸಂಗತಿ. ಈ ಸಲ ಸೊಂಟನೋವೂ ಕಾಣೆಯಾಯಿತು. ಮನೆಯಲ್ಲಿ ಪಾಯಿಖಾನೆಗೆ ಹೋಗಲು ಮಗಳ ತೋಳು ಬೇಕೆನ್ನುವವಳು ಇಲ್ಲಿ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ ಸರಸರನೆ ನಡೆದಳು. ನ್ಯಾಡೀನ್ ಹಿಂದೆ ಹಿಂದೆ ಸ್ವೆಟರು ಹಿಡಿದುಕೊಂಡು ನಡೆದಳು.

ಮೊದಲ ಸಂಜೆ ತಮ್ಮನ ಮನೆಯವರು ಹಾಡುಗಾರನ ಶೋಗೆ ಹೋಗಿ ಬಂದರು. ಮರುದಿನ ಬೆಳಗಿನ ಉಪಾಹಾರಕ್ಕೆ ಮಾರ್ಲೀನ್ ಆ ಹಾಡುಗಳನ್ನೇ ಗುನುಗುತ್ತಿದ್ದಳು. ಎರಡನೇ ಸಂಜೆ ಜಾದೂ. ಕಾರು ನಿಜವಾಗಿಯೂ ಮಾಯವಾಯಿತು ಎಂದು ಕ್ಲೇಟನ್ ಮೂರು ಸಲ ಹೇಳಿದ. ಆ ಎರಡೂ ಸಂಜೆ ನ್ಯಾಡೀನ್ ಸ್ಟೂಲಿನ ಮೇಲಿದ್ದಳು. ಜನ ಬದಲಾಗುತ್ತಿದ್ದರು, ಗಂಟೆಗಳು ಬಾರಿಸುತ್ತಿದ್ದವು, ಎಲ್ಲಿಯೂ ಕಿಟಕಿಯಿರಲಿಲ್ಲ. ಲಿಫ್ಟಿನ ಪಕ್ಕದ ಚಿತ್ರದಲ್ಲಿ ನಿದ್ದೆ ಮಾಡಿಸುವ ವರ್ನನ್ ಪೈಕ್ ಎರಡು ಬೆರಳು ಚಾಚಿ ನಗುತ್ತಿದ್ದ. ಅವಳು ಕೂತಲ್ಲಿಂದ ಅವನ ಪುಟ್ಟ ರಂಗಮಂದಿರದ ಬಾಗಿಲು ಕಾಣುತ್ತಿತ್ತು. ಒಮ್ಮೆ ಬಾಗಿಲು ತೆರೆದಾಗ ಒಳಗಿನ ನಗು ಹೊರಗೆ ಬಿದ್ದು, ಬಾಗಿಲು ಮುಚ್ಚಿದಾಗ ನಿಂತಿತು.

“ಏನು ನೋಡ್ತಿದೀಯ? ನೀರು ತಗೊಂಬಾ” ಎಂದಳು ತಾಯಿ.

ಮೂರನೇ ದಿನ ಮಧ್ಯಾಹ್ನ ಕ್ಲೇಟನ್ ಅಕ್ಕನನ್ನು ಒಬ್ಬಳನ್ನೇ ಹೋಟೆಲಿನ ಊಟದ ಮನೆಗೆ ಕರೆದ. ಮಾರ್ಲೀನ್ ಆಗಲೇ ಬಂದು ಕೂತಿದ್ದಳು. ಮೂವರಿಗೂ ಎತ್ತಿನ ಬಾಲದ ಸೂಪು ಬಂತು, ಮೇಲೆ ಹಸಿ ಶುಂಠಿ, ಕೊತ್ತಂಬರಿ, ಪಕ್ಕದಲ್ಲಿ ಎರಡು ಗುಡ್ಡೆ ಅನ್ನ.

“ಅಮ್ಮನ ಹತ್ರ ಯಾರು?” ಎಂದಳು ನ್ಯಾಡೀನ್, ಚಮಚ ಮುಟ್ಟದೆ.

“ಮಿಸೆಸ್ ಓಶಿರೋನೂ ಬಂದಿದಾಳಲ್ಲ, ಪಕ್ಕದ ಯಂತ್ರದಲ್ಲೇ ಕೂತಿದಾಳೆ. ನೋಡ್ಕೋತೀನಿ ಅಂದ್ಳು.” ಕ್ಲೇಟನ್ ಕೋಟಿನ ಜೇಬಿನಿಂದ ಲಕೋಟೆ ತೆಗೆದು ಅವಳ ಮುಂದಿಟ್ಟ. “ನಾಳೆ ನೀರಿನ ಶೋಗೆ. ನಿಂಗೂ ಒಂದು ತಗೊಂಡೆ. ನಮ್ಮ ಸಾಲಲ್ಲೇ, ಮೊದಲನೇ ಸಾಲು. ನಾಳೆಯೂ ಮಿಸೆಸ್ ಓಶಿರೋ ಇರ್ತಾಳೆ, ಅಮ್ಮನ್ನ ನೋಡ್ಕೊಳ್ಳೋಕೆ.”

ನ್ಯಾಡೀನ್ ಲಕೋಟೆಯನ್ನು ನೋಡಿದಳು. ಇಷ್ಟು ಸುಲಭದ ದಾರಿ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ, ತನಗೂ.

“ಯಾಕೆ ಇದ್ದಕ್ಕಿದ್ದ ಹಾಗೆ?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಲೇಟನ್ ಅನ್ನದ ಗುಡ್ಡೆಯನ್ನು ಚಮಚದಿಂದ ಕಡಿದ. “ಯೋಚನೆ ಮಾಡ್ತಿದ್ವಿ. ಹೀಗೇ ನಡೆಯೋಕಾಗಲ್ಲ ನ್ಯಾಡೀನ್. ಅಮ್ಮ ಕೇಂದ್ರಕ್ಕೆ ಹೋಗಲ್ಲ. ಮನೇಲಿ ಒಬ್ಬಳನ್ನೇ ಬಿಡೋ ಹಾಗಿಲ್ಲ. ನೀನು ಕೆಲಸ ಬಿಟ್ಟುಬಿಡು. ಮನೆ ಹೆಂಗೂ ನಿನ್ನ ಹೆಸರಿಗೇ ಬರೋದು, ನಾನು ಅದ್ರಲ್ಲಿ ಪಾಲು ಕೇಳಲ್ಲ. ತಿಂಗಳ ಖರ್ಚಿಗೆ ನಾನು ಕೊಡ್ತೀನಿ.”

“ಅಂಗಡಿ ಬಿಡಬೇಕಾ?”

“ಕನ್ನಡಕ ಮಾರೋದು ಯಾರು ಬೇಕಾದ್ರೂ ಮಾರ್ತಾರೆ” ಎಂದಳು ಮಾರ್ಲೀನ್ ಮೆತ್ತಗೆ. “ಅತ್ತೆಗೆ ನೀವೇ ಬೇಕು. ಬೇರೆ ಯಾರು ಮುಟ್ಟಿದ್ರೂ ಸೇರಲ್ಲ ಅವ್ರಿಗೆ.”

“ನೀನು ಅಮ್ಮನ್ನ ಕೇಳಿದೆಯಾ?”

“ಅಮ್ಮನೇ ಹೇಳಿದ್ದು” ಎಂದ ಕ್ಲೇಟನ್. “ನ್ಯಾಡೀನ್ ಮನೇಲಿದ್ರೆ ಕೇಂದ್ರದ ಮಾತೇ ಬರಲ್ಲ ಅಂದ್ಳು. ಈಗಲೇ ಉತ್ತರ ಹೇಳಬೇಡ. ನಾಳೆ ಶೋ ನೋಡು, ಖುಷಿಯಾಗಿರು. ನಾಡಿದ್ದು ಊರಿಗೆ ಹೊರಡೋ ಮೊದಲು ಹೇಳು.”

ಸೂಪು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿತು. ನ್ಯಾಡೀನ್ ಮರಳಿ ಬಂದು ಸ್ಟೂಲಿನ ಮೇಲೆ ಕೂತಾಗ ತಾಯಿ ಪಕ್ಕಕ್ಕೆ ತಿರುಗದೆ ಕೇಳಿದಳು. “ಮಾತಾಡಿದ್ನಾ?”

“ಮಾತಾಡಿದ.”

“ಹೂಂ” ಎಂದು ಯೋಶಿನೊ ಗುಂಡಿ ಒತ್ತಿದಳು.

ಆ ಸಂಜೆಯೆಲ್ಲ ನ್ಯಾಡೀನ್ ತಾನು ಎದ್ದು ಹೋದರೆ ಏನಾಗುತ್ತದೆ ಎಂದು ಯೋಚಿಸಿದಳು. ಹೋಗುವುದೆಲ್ಲಿಗೆ ಎಂಬುದೇ ತೋಚಲಿಲ್ಲ. ಬಾಗಿಲಾಚೆ ಬಿಸಿಲು, ಅದರಾಚೆ ಇನ್ನೊಂದು ಹೋಟೆಲು, ಅದರೊಳಗೂ ಇಂಥವೇ ಯಂತ್ರಗಳು. ಹಿಂದಿರುಗುವ ವಿಮಾನದಲ್ಲಿ ತಾಯಿಯ ಪಕ್ಕದ ಕುರ್ಚಿ, ಮನೆಯಲ್ಲಿ ತಾಯಿಯ ಪಕ್ಕದ ಕೋಣೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ ಅವಳದ್ದೆನ್ನುವ ಒಂದು ಜಾಗವಿತ್ತು. ಈಗ ಅದನ್ನೂ ಕೇಳುತ್ತಿದ್ದರು, ಅದೂ ಇಷ್ಟು ಪ್ರೀತಿಯಿಂದ.

ಕೊನೆಯ ದಿನ ಸಂಜೆ ಐದರ ಸುಮಾರಿಗೆ ಎಲ್ಲರೂ ಲಿಫ್ಟಿನ ಮುಂದೆ ಸೇರಿದರು. ಕ್ಲೇಟನ್ ಇಸ್ತ್ರಿ ಮಾಡಿದ ಹೂವಿನ ಅಂಗಿ ಹಾಕಿದ್ದ. ಮಾರ್ಲೀನ್ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ್ದಳು. ನ್ಯಾಡೀನ್ ತಾಯಿಯನ್ನು ತೋಳು ಹಿಡಿದು ಕರೆತಂದಳು. ತಾಯಿಗೆ ನೀಲಿ ರೇಷ್ಮೆ ಅಂಗಿ ತೊಡಿಸಿ, ಮುತ್ತಿನ ಸರ ಹಾಕಿ, ತುಟಿಗೆ ಬಣ್ಣ ಹಚ್ಚಿದ್ದಳು.

“ಅಮ್ಮ ಎಲ್ಲಿಗೆ ಹೊರಟಿದಾಳೆ?” ಎಂದ ಕ್ಲೇಟನ್.

ಯೋಶಿನೊ ಮಗನ ಕೆನ್ನೆ ತಟ್ಟಿದಳು. “ಎಂಬತ್ತು ವರ್ಷಕ್ಕೆ ಅಂತ ನಂಗೆ ಟಿಕೆಟ್ಟು ತಂದಿದೀಯಂತೆ, ನಂಗೇ ಹೇಳಿಲ್ಲ. ನ್ಯಾಡೀನ್ ಹೇಳಿದ್ಳು. ಮೊದಲನೇ ಸಾಲಂತಲ್ಲ?”

ಕ್ಲೇಟನ್ ಅಕ್ಕನ ಕಡೆ ನೋಡಿದ. ನ್ಯಾಡೀನ್ ಲಕೋಟೆಯನ್ನು ಅವನ ಕೈಗೆ ಕೊಟ್ಟಳು, ಅದರ ಮೇಲೆ ತಾಯಿಯ ಕೈಚೀಲ, ಅದರ ಮೇಲೆ ಸ್ವೆಟರು. “ಒಳಗೆ ತಣ್ಣಗಿರತ್ತಂತೆ. ಗಂಟೆಗೊಂದು ಸಲ ಪಾಯಿಖಾನೆಗೆ ಕರ್ಕೊಂಡು ಹೋಗ್ಬೇಕು. ಅಲ್ಲಿಗೆ ಮಾರ್ಲೀನ್ ಹೋಗ್ಲಿ, ನೀನು ಹೋಗೋಕಾಗಲ್ಲ. ಏಳು ಗಂಟೆಗೆ ಒಂದು ಬಿಳಿ ಮಾತ್ರೆ, ಚೀಲದ ಪಕ್ಕದ ಜೇಬಲ್ಲಿದೆ.”

“ನ್ಯಾಡೀನ್…”

“ಕಾರು ಬಂತು” ಎಂದಳು ಕಿಯಾನಾ. ನಗು ತಡೆಯಲಾಗದೆ ಅವಳು ಮುಖ ಆಚೆ ತಿರುಗಿಸಿಕೊಂಡಿದ್ದಳು.

ಅವರು ಹೋದ ಮೇಲೆ ನ್ಯಾಡೀನ್ ಕೈಯಲ್ಲಿ ಏನೂ ಇರಲಿಲ್ಲ. ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕ್ಷಣಹೊತ್ತು ನಿಂತಳು. ಆಮೇಲೆ ಟಿಕೆಟ್ಟಿನ ಕಿಟಕಿಗೆ ಹೋದಳು.

ರಂಗಮಂದಿರ ಅವಳು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಕೆಂಪು ಕುರ್ಚಿಗಳ ಅಂಚು ಸವೆದಿತ್ತು. ಮುಕ್ಕಾಲು ಪಾಲು ಖಾಲಿ. ವರ್ನನ್ ಪೈಕ್ ಚಿತ್ರದಲ್ಲಿದ್ದುದಕ್ಕಿಂತ ಬಹಳ ಮುದುಕನಾಗಿದ್ದ, ಕೂದಲಿಗೆ ಬಣ್ಣ ಹಚ್ಚಿದ್ದ. ಆದರೆ ದನಿ ಮಾತ್ರ ಬೆಚ್ಚಗಿನ ನೀರಿನ ಹಾಗಿತ್ತು. ಮೇಲೆ ಬರುವವರು ಯಾರು ಎಂದು ಅವನು ಕೇಳಿದಾಗ ನ್ಯಾಡೀನ್ ಕೈ ಅವಳನ್ನು ಕೇಳದೆ ಮೇಲೆದ್ದಿತು.

ವೇದಿಕೆಯ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ಕೂತರು. ಅವಳ ಒಂದು ಪಕ್ಕ ಟೆಕ್ಸಸ್ಸಿನ ಲಾರಿ ಚಾಲಕ, ಇನ್ನೊಂದು ಪಕ್ಕ ಮಧುಚಂದ್ರಕ್ಕೆ ಬಂದ ಹುಡುಗಿ. ಪೈಕ್ ನಿಧಾನವಾಗಿ ಹೇಳುತ್ತ ಹೋದ. ಕಾಲು ಭಾರ. ಕೈ ಭಾರ. ರೆಪ್ಪೆ ಭಾರ. ಯಾರೂ ನಿಮ್ಮನ್ನು ಕರೆಯುತ್ತಿಲ್ಲ. ಎಲ್ಲಿಗೂ ಹೋಗಬೇಕಾಗಿಲ್ಲ. ಲಾರಿ ಚಾಲಕನ ತಲೆ ಧೊಪ್ಪನೆ ಎದೆಗೆ ಬಿತ್ತು. ಹುಡುಗಿಯ ತಲೆ ನ್ಯಾಡೀನ್ ಹೆಗಲಿಗೆ ಬಿತ್ತು. ನ್ಯಾಡೀನ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನಿದ್ದೆ ಬರಲಿ ಎಂದು ಅಷ್ಟು ಆಸೆಯಿಂದ ಅವಳು ಯಾವತ್ತೂ ಕಾದಿರಲಿಲ್ಲ. ಆದರೆ ಯಾರೂ ಕರೆಯುತ್ತಿಲ್ಲ ಎಂದು ಅವನು ಅಂದಾಗಲೆಲ್ಲ ಕಿವಿ ಇನ್ನಷ್ಟು ನಿಮಿರುತ್ತಿತ್ತು. ಜೇಬಿನಲ್ಲಿದ್ದ ಫೋನು ಅವಳ ತೊಡೆಗೆ ಕಲ್ಲಿನಂತೆ ಒತ್ತುತ್ತಿತ್ತು. ಹುಡುಗಿಯ ತಲೆ ಜಾರಿ ಬಿದ್ದೀತೆಂದು ಹೆಗಲನ್ನು ಅಲುಗಿಸದೆ ಹಿಡಿದಿದ್ದಳು.

ಪೈಕ್ ಸಾಲಿನುದ್ದಕ್ಕೂ ನಡೆದು ಬಂದು ಅವಳ ಮುಂದೆ ನಿಂತ. ಮೈಕನ್ನು ಬೆನ್ನ ಹಿಂದೆ ಹಿಡಿದು ಬಗ್ಗಿದ.

“ಯಾರಿಗೋಸ್ಕರ ಕಿವಿ ಕೊಟ್ಕೊಂಡು ಕೂತಿದೀರಿ?” ಎಂದ ಅವಳಿಗೆ ಮಾತ್ರ ಕೇಳುವ ಹಾಗೆ.

ಅವಳು ಕಣ್ಣು ತೆರೆದಳು. “ಅಮ್ಮ” ಎಂದಳು.

“ಇಲ್ಲಿದಾರಾ?”

“ಇಲ್ಲ. ಬೇರೆ ಕಡೆ ಇದಾರೆ.”

ಅವನು ತಲೆಯಾಡಿಸಿದ. ಇದನ್ನು ಅವನು ಎಷ್ಟೋ ಮುಖಗಳಲ್ಲಿ ಕಂಡಿದ್ದ ಹಾಗಿತ್ತು. “ಹೋಗಿ ಆರಾಮಾಗಿ ಕೂತು ನೋಡಿ. ಕೆಲವರಿಗೆ ಆಗಲ್ಲ. ತಪ್ಪೇನಿಲ್ಲ.” ಹುಡುಗಿಯ ತಲೆಯನ್ನು ತಾನೇ ಎತ್ತಿ ಹಿಡಿದು ನ್ಯಾಡೀನ್ ಏಳಲು ಅನುವು ಮಾಡಿಕೊಟ್ಟ.

ಅವಳು ಕೆಳಗಿಳಿದು ತನ್ನ ಕುರ್ಚಿಗೆ ಬಂದಳು. ವೇದಿಕೆಯ ಮೇಲೆ ಲಾರಿ ಚಾಲಕ ತಾನು ಹಾಲುಣಿಸುವ ತಾಯಿ ಎಂದುಕೊಂಡು ತನ್ನ ಟೋಪಿಯನ್ನು ತೊಟ್ಟಿಲಂತೆ ತೂಗತೊಡಗಿದ. ಟೋಪಿ ಅತ್ತಿತೆಂದು ಪೈಕ್ ಹೇಳಿದಾಗ ಗಾಬರಿಯಾಗಿ ಅದಕ್ಕೆ ಜೋಗುಳ ಹಾಡಿದ. ಜನ ಬಿದ್ದು ಬಿದ್ದು ನಕ್ಕರು. ನ್ಯಾಡೀನ್ ಕೂಡ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಅದು ನಿಲ್ಲಲಿಲ್ಲ. ಯಾರಿಗೂ ಕಾಣಲಿಲ್ಲ, ಕತ್ತಲಿತ್ತು.

ಮರುದಿನ ಬೆಳಗಿನ ಉಪಾಹಾರಕ್ಕೆ ಎಲ್ಲರೂ ಒಂದೇ ಮೇಜಿನಲ್ಲಿ ಕೂತರು. ಪೆಟ್ಟಿಗೆಗಳು ಪಕ್ಕದಲ್ಲೇ ಇದ್ದವು. ಮಾರ್ಲೀನ್ ಚಪ್ಪಟೆ ಚಪ್ಪಲಿ ಹಾಕಿದ್ದಳು, ಒಂದು ಪಾದಕ್ಕೆ ಪಟ್ಟಿ ಸುತ್ತಿತ್ತು. ಯೋಶಿನೊ ಮಾತ್ರ ಹೊಸ ಮದುವಣಗಿತ್ತಿಯ ಹಾಗಿದ್ದಳು.

“ಮೊದಲನೇ ಸಾಲು ಅಂದ್ರೆ ನೀರು ಸಿಡಿಯೋ ಸಾಲು ಆಂಟಿ” ಎಂದಳು ಕಿಯಾನಾ. “ಬಾಚನ್ ಪೂರ್ತಿ ಒದ್ದೆ. ಇನ್ನೊಂದು ಸಲ ಧುಮುಕು ಅಂತ ಕೂಗ್ತಿದ್ರು. ಆಮೇಲೆ ಚಳಿಯಾಗಿ ಪಾಯಿಖಾನೆಗೆ ನಾಲ್ಕು ಸಲ. ಪ್ರತಿ ಸಲವೂ ಇಡೀ ಸಾಲು ಎದ್ದು ನಿಲ್ಬೇಕು.”

“ನಾಲ್ಕಲ್ಲ, ಐದು” ಎಂದಳು ಮಾರ್ಲೀನ್. “ಅವ್ರು ಧುಮುಕಿದ್ದು ನಾನು ಒಂದೂ ನೋಡ್ಲಿಲ್ಲ.”

“ಇವಳು ಮೀನು ಹಿಡಿದ ಹಾಗೆ ಹಿಡೀತಾಳೆ ತೋಳು” ಎಂದಳು ಯೋಶಿನೊ. “ಜಾರಿಸಿ ಜಾರಿಸಿ.”

ಕ್ಲೇಟನ್ ಕಾಫಿ ಲೋಟ ಕೆಳಗಿಟ್ಟ. “ಸರಿ. ನಿನ್ನೆ ಆಟ ಆಡಿದ್ದಾಯ್ತು ನ್ಯಾಡೀನ್. ಈಗ ಹೇಳು. ಯೋಚನೆ ಮಾಡಿದೆಯಾ?”

“ಮಾಡಿದೆ. ಬಿಡಲ್ಲ.”

“ಏನು ಬಿಡಲ್ಲ?”

“ಅಂಗಡಿ. ನಾನು ಕೆಲಸ ಬಿಡಲ್ಲ. ಸೋಮವಾರದಿಂದ ಅಮ್ಮ ಕೇಂದ್ರಕ್ಕೆ ಹೋಗ್ಬೇಕು. ವ್ಯಾನಿಗೆ ನಿನ್ನೆ ರಾತ್ರೀನೇ ಹೇಳಿದೀನಿ.”

ಯೋಶಿನೊ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. “ನಾನು ಹೋಗಲ್ಲ ಅಂತ ಹೇಳಿದೀನಿ.”

“ಹೇಳಿದೀಯ.”

“ನೀನು ಕೆಲಸ ಬಿಡು ಅಂತ ನಾನು ಹೇಳಿಲ್ಲ. ಕೇಂದ್ರಕ್ಕೆ ಹೋಗಲ್ಲ ಅಂದೆ, ಅಷ್ಟೆ.”

“ಎರಡೂ ಒಂದೇ ಕಣಮ್ಮ.”

“ಅಮ್ಮನಿಗೆ ಏನಾದ್ರೂ ಆದ್ರೆ?” ಕ್ಲೇಟನ್ ದನಿ ಏರಿತು. ಪಕ್ಕದ ಮೇಜಿನವರು ನೋಡಿದರು. “ಬಿದ್ರೆ? ನಿನ್ನ ಮನಸ್ಸು ಒಪ್ಪತ್ತಾ? ಎಂಬತ್ತು ವರ್ಷದ ಅಮ್ಮನ್ನ ಯಾರ್ಯಾರದೋ ಕೈಗೆ ಕೊಟ್ಟು ನೀನು ಕನ್ನಡಕದ ಕಡ್ಡಿ ಬಗ್ಗಿಸ್ತಾ ಕೂರ್ತೀಯ?”

“ಹೌದು” ಎಂದಳು ನ್ಯಾಡೀನ್. ಆ ಮಾತು ಅವಳ ಬಾಯಿಂದ ಬಂದ ಮೇಲೆ ಅವಳಿಗೇ ಭಯವಾಯಿತು. ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಳು. “ನಂಗೆ ನಿದ್ದೆ ಬರಲ್ಲ ಕ್ಲೇಟನ್. ಮನೇಲಿ ಬರಲ್ಲ, ಇಲ್ಲೂ ಬರಲ್ಲ. ಆ ಅಂಗಡೀಲಿ ಮಾತ್ರ ನಾನು ಮನುಷ್ಯರ ಹಾಗಿರ್ತೀನಿ. ಅದನ್ನ ಬಿಟ್ರೆ ನಾನು ಅಮ್ಮನ್ನ ಯಾವತ್ತಾದ್ರೂ ಒಂದು ದಿನ ಹೊಡೀತೀನಿ.”

ಕಿಯಾನಾ ತಟ್ಟೆಯನ್ನೇ ನೋಡುತ್ತಿದ್ದಳು. ಯೋಶಿನೊ ಚಾಕುವನ್ನು ಬೆಣ್ಣೆಯ ಪಕ್ಕ ನೇರವಾಗಿ ಇಟ್ಟಳು.

“ಎಂಥ ಮಾತಾಡ್ತೀಯ ನ್ಯಾಡೀನ್” ಎಂದ ಕ್ಲೇಟನ್.

“ಕ್ಲೇಟನ್, ಸಾಕು” ಎಂದಳು ಮಾರ್ಲೀನ್. ಪಟ್ಟಿ ಕಟ್ಟಿದ ಪಾದವನ್ನು ಕುರ್ಚಿಯ ಕೆಳಗಿಂದ ಹೊರಗೆ ಚಾಚಿದಳು. “ಬರೀ ಎರಡು ಗಂಟೆ ನೋಡ್ಕೊಂಡಿದ್ದಕ್ಕೇ ನಂಗೆ ಸಾಕಾಯ್ತು. ಶನಿವಾರ ನಾವು ಕರ್ಕೊಂಡು ಹೋಗ್ತೀವಿ, ನಮ್ಮನೇಗೆ.”

“ನಾನು ಇವಳ ಮನೆಗೂ ಹೋಗಲ್ಲ” ಎಂದಳು ಯೋಶಿನೊ. ಆದರೆ ಆ ಮಾತಿನಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

ವಿಮಾನದಲ್ಲಿ ತಾಯಿ ಮಗಳ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಆಡಲಿಲ್ಲ. ಊಟ ಬಡಿಸಿದರೆ ಉಂಡಳು. ಸ್ನಾನಕ್ಕೆ ಕರೆದರೆ ಬಂದಳು. ಬೆನ್ನುಜ್ಜುವಾಗ ಬಗ್ಗಿ ಕೊಟ್ಟಳು. ಭಾನುವಾರ ತಮ್ಮನ ಮನೆಯವರು ಊಟಕ್ಕೆ ಬರಲಿಲ್ಲ. ನ್ಯಾಡೀನ್ ಇಬ್ಬರಿಗೆ ಸಾಕಾಗುವಷ್ಟು ಅನ್ನ ಮಾಡಿ, ಉಪ್ಪಿನಲ್ಲಿ ಹಾಕಿದ ಮೂಲಂಗಿ ಹೆಚ್ಚಿ, ಟೀವಿಯ ಸದ್ದು ಜೋರಾಗಿ ಇಟ್ಟಳು. ತಾಯಿಯ ಬೈಗುಳಕ್ಕಿಂತ ಈ ಮೌನ ಮನೆಯನ್ನು ಹೆಚ್ಚು ತುಂಬಿಕೊಂಡಿತ್ತು. ಎರಡು ಸಲ ತಮ್ಮನಿಗೆ ಫೋನು ಮಾಡಿ ಸರಿ, ಬಿಡ್ತೀನಿ ಎಂದು ಹೇಳಿಬಿಡೋಣ ಎನ್ನಿಸಿತು. ಒಂದು ಸಲ ನಂಬರನ್ನೂ ಒತ್ತಿ, ಗಂಟೆ ಬಾರಿಸುವ ಮೊದಲೇ ಇಟ್ಟಳು.

ಸೋಮವಾರ ಬೆಳಿಗ್ಗೆ ವ್ಯಾನು ಬಂದು ಬೇಲಿಯ ಹೊರಗೆ ನಿಂತಿತು. ಚಾಲಕ ಸೆಫೊ ದೈತ್ಯ ಗಾತ್ರದ ಸಮೋವ ದ್ವೀಪದವನು. ಇಳಿದು ಬಾಗಿಲು ತೆರೆದು ನಿಂತ. ಅವಸರ ಮಾಡುವ ಜಾತಿಯವನಲ್ಲ. ಯೋಶಿನೊ ಜಗುಲಿಯ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾಲ್ಕು ದಿನದ ಮೇಲೆ ಬಾಯಿ ತೆರೆದಳು.

“ನಂಗೆ ಶೂ ಹಾಕಿಲ್ಲ.”

ನ್ಯಾಡೀನ್ ಮೆಟ್ಟಿಲ ಮೇಲೆ ಮಂಡಿಯೂರಿ ತಾಯಿಯ ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಕಾಲು ತಣ್ಣಗಿತ್ತು, ಒಣಗಿ ಹಗುರವಾಗಿತ್ತು.

“ಅಲ್ಲಿ ಬಿದ್ರೆ?” ಎಂದಳು ಯೋಶಿನೊ, ಅವಳ ನೆತ್ತಿಯನ್ನು ನೋಡುತ್ತ.

“ಎತ್ತೋಕೆ ಜನ ಇದಾರೆ.”

“ಸತ್ರೆ?”

“ನಂಗೆ ಫೋನ್ ಮಾಡ್ತಾರೆ.”

“ನೀನು ಅಂಗಡೀಲಿ ಫೋನ್ ಎತ್ತಲ್ಲ ಇನ್ಮೇಲೆ. ಅಷ್ಟು ಗೊತ್ತಾಗತ್ತೆ ನಂಗೆ.”

“ಮಧ್ಯಾಹ್ನ ಊಟದ ಹೊತ್ತಿಗೆ ನೋಡ್ತೀನಮ್ಮ.”

ಯೋಶಿನೊ ಎಡಗಾಲನ್ನು ತಾನೇ ಮುಂದೆ ಚಾಚಿದಳು. “ಹಾಗಾದ್ರೆ ಮಧ್ಯಾಹ್ನದ ತನಕ ತಡ್ಕೊಂಡಿರ್ಬೇಕು” ಎಂದಳು.

ನ್ಯಾಡೀನ್ ಎದ್ದು ತೋಳು ಕೊಟ್ಟಳು. ತಾಯಿ ಅದನ್ನು ಹಿಡಿಯಲಿಲ್ಲ. ಜಗುಲಿಯ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು, ಅಂಗಳ ದಾಟಿ, ಸೆಫೊನ ಕೈ ಹಿಡಿದು ವ್ಯಾನು ಹತ್ತಿದಳು. ಕಿಟಕಿ ಪಕ್ಕ ಕೂತು ಮುಂದಕ್ಕೆ ನೋಡಿದಳು.

ನ್ಯಾಡೀನ್ ಬಾಗಿಲಿಗೆ ಬೀಗ ಹಾಕಿ ತನ್ನ ಕಾರಿಗೆ ಬಂದಳು. ಬೀದಿಗಿಳಿದಾಗ ವ್ಯಾನು ಅವಳ ಮುಂದೆಯೇ ಇತ್ತು. ಹಿಂಬದಿಯ ಗಾಜಿನೊಳಗೆ ತಾಯಿಯ ಬಿಳಿ ಗುಂಗುರು ತಲೆ ಕಾಣುತ್ತಿತ್ತು. ಹೆದ್ದಾರಿಯ ಕೂಡುರಸ್ತೆಯಲ್ಲಿ ಕೆಂಪು ದೀಪ ಬಿದ್ದು ಎರಡೂ ಗಾಡಿಗಳು ನಿಂತವು. ತಾಯಿ ತಿರುಗಿ ನೋಡುತ್ತಾಳೇನೋ ಎಂದು ನ್ಯಾಡೀನ್ ಕಾದಳು. ತಿರುಗಿದರೆ ತಾನು ವ್ಯಾನಿನ ಹಿಂದೆಯೇ ಹೋಗಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ದೀಪ ಹಸಿರಾಯಿತು. ವ್ಯಾನು ಎಡಕ್ಕೆ ತಿರುಗಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವಳು ಅಂಗಡಿಯ ಕಡೆ ನೇರಕ್ಕೆ ಹೋದಳು.